ಕೊಡಗಿನ ಏರಿಗೆ, ಕೆಸರಿಗೆ ಯಾವ ಕ್ಲೀಟ್? ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ಮಡಿಕೇರಿಯಿಂದ ಸೈಕಲ್ ಹತ್ತುವ ನಾಲ್ಕೈದು ಜನ ನಾವು. ಹೊಸಬರು ಯಾರೇ ಸೇರಿದರೂ ಮೊದಲ ಟೀ ಅಂಗಡಿಯಲ್ಲಿ ನಮ್ಮ ಬೂಟಿನ ಅಡಿ ನೋಡಿ ಪ್ರಶ್ನೆ ಶುರು ಮಾಡುತ್ತಾರೆ. ಅಲ್ಲಿರುವುದು ಕ್ಲೀಟ್, ಅಂದರೆ ಅಟ್ಟೆಗೆ ಬೋಲ್ಟ್ ಹಾಕಿ ಕೂರಿಸಿದ, ಪೆಡಲ್‌ಗೆ ಕಚ್ಚಿಕೊಳ್ಳುವ ತುಂಡು. ಅದೇ ಪ್ರಶ್ನೆ, ಅದೇ ಉತ್ತರ, ಟೀ ತಣ್ಣಗಾಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಕ್ಲಿಪ್‌ಲೆಸ್ ಪೆಡಲ್ ಅಂದರೆ ಕ್ಲಿಪ್ ಇಲ್ಲದ್ದು ತಾನೇ? ಮತ್ತೆ ಬೂಟು ಪೆಡಲ್‌ಗೆ ಕಚ್ಚಿಕೊಳ್ಳುತ್ತಲ್ಲ?

ಹೆಸರೇ ಗೊಂದಲದ್ದು. ಹಿಂದೆ ರೇಸ್ ಸೈಕಲ್‌ನ ಪೆಡಲ್ ಮುಂದೆ ಒಂದು ಲೋಹದ ಕ್ಲಿಪ್, ಸುತ್ತ ಚರ್ಮದ ಪಟ್ಟಿ ಇರುತ್ತಿತ್ತು. ಬೂಟು ಅದರೊಳಗೆ ತೂರಿಸಿ ಪಟ್ಟಿ ಎಳೆದು ಬಿಗಿಯಬೇಕಿತ್ತು. ಆ ಕ್ಲಿಪ್ ಹೋಯಿತು, ಹಾಗಾಗಿ ಕ್ಲಿಪ್‌ಲೆಸ್. 1970ರ ದಶಕದ ಆರಂಭದಲ್ಲಿ ಇಟಲಿಯ ಚಿನೆಲ್ಲಿ ಕಂಪನಿ ಎಂ71 ಅಂತ ಒಂದು ಪೆಡಲ್ ಮಾಡಿತ್ತು. ಅದರಿಂದ ಕಾಲು ಬಿಡಿಸಲು ಬಗ್ಗಿ ಕೈಯಲ್ಲೇ ಲಿವರ್ ಸರಿಸಬೇಕು! ಸಂಪಾಜೆ ಘಾಟಿಯ ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಬಗ್ಗಿ ಲಿವರ್ ಹುಡುಕುವುದನ್ನು ನೆನೆಸಿಕೊಳ್ಳಿ.

ಫ್ರಾನ್ಸಿನ ಲುಕ್ ಕಂಪನಿಗೆ ಸ್ಕೀ ಬೂಟನ್ನು ಹಿಡಿದು, ಬಿದ್ದಾಗ ತಾನಾಗಿ ಬಿಡುವ ಹಿಡಿತ ಮಾಡಿ ಅನುಭವವಿತ್ತು. ಅದೇ ಉಪಾಯವನ್ನು 1984ರಲ್ಲಿ ಪೆಡಲ್‌ಗೆ ತಂದಿತು. ಮರುವರ್ಷ ಫ್ರಾನ್ಸಿನ ರೇಸ್ ಸವಾರ ಬರ್ನಾರ್ ಇನೋ ಅದನ್ನೇ ತುಳಿದು ಟೂರ್ ದ ಫ್ರಾನ್ಸ್ ಗೆದ್ದ. ಆಮೇಲೆ ಪಟ್ಟಿಗಳ ಕಾಲ ಮುಗಿಯುತ್ತಾ ಬಂತು. ಜಪಾನಿನ ಶಿಮಾನೊ ಕಂಪನಿ 1990ರಲ್ಲಿ ಎಸ್‌ಪಿಡಿ ತಂದಿತು. ಚಿಕ್ಕ ಲೋಹದ ಕ್ಲೀಟ್, ಬೂಟಿನ ಅಟ್ಟೆಯೊಳಗೆ ಹುದುಗಿ ಕೂರುತ್ತದೆ, ಹಾಕಿಕೊಂಡು ನಡೆಯಲೂಬಹುದು. ನಮಗೆ ಬೇಕಾದ ಕಥೆ ಅಲ್ಲಿಂದ ಶುರು.

ಕೊಡಗಿನ ರಸ್ತೆಗೆ ಇದೆಲ್ಲ ಬೇಕಾ?

ಬೇಕೇ ಬೇಕು ಅಂತೇನಿಲ್ಲ. ಒಳ್ಳೆ ಚಪ್ಪಟೆ ಪೆಡಲ್, ಹಿಡಿತವಿರುವ ಬೂಟು ಇದ್ದರೆ ತಲಕಾವೇರಿಯವರೆಗೂ ಹತ್ತಬಹುದು, ಹತ್ತಿದವರಿದ್ದಾರೆ. ಆದರೆ ಮಳೆಯಲ್ಲಿ ಪೆಡಲ್ ಮೇಲಿಂದ ಕಾಲು ಜಾರಿ ಮೊಣಕಾಲ ಕೆಳಗಿನ ಮೂಳೆಗೆ ಪೆಡಲ್ ಮುಳ್ಳು ಬಡಿದಿದ್ದು ನೆನಪಿದ್ದರೆ ಕ್ಲೀಟ್ ಯಾಕೆ ಅಂತ ನಿಮಗೇ ಗೊತ್ತು. ಹದಗೆಟ್ಟ ಇಳಿಜಾರಲ್ಲಿ ಕಾಲು ಕುಣಿಯುವುದಿಲ್ಲ. ಪ್ರತಿ ಸುತ್ತಿಗೂ ಪಾದ ಒಂದೇ ಜಾಗದಲ್ಲಿರುತ್ತದೆ. ನನಗೆ ಲಾಭ ಅಂತ ಕಂಡಿದ್ದು ಇವೆರಡೇ. ಕ್ಲೀಟ್ ಹಾಕಿದ ಕೂಡಲೇ ಏರು ಅರ್ಧ ಆಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಎರಡು ಬೋಲ್ಟಿನದೋ, ಮೂರು ಬೋಲ್ಟಿನದೋ?

ಅತಿ ಹೆಚ್ಚು ಬಂದ ಪ್ರಶ್ನೆ ಇದು.

ಎರಡು ಬೋಲ್ಟಿನವು ಚಿಕ್ಕ ಲೋಹದ ಕ್ಲೀಟ್‌ಗಳು. ಶಿಮಾನೊ ಎಸ್‌ಪಿಡಿ, ಕ್ರ್ಯಾಂಕ್ ಬ್ರದರ್ಸ್, ಟೈಮ್ ಕಂಪನಿಯ ಅಟಾಕ್ ಎಲ್ಲ ಈ ಗುಂಪು. ಮೂರು ಬೋಲ್ಟಿನವು ಅಗಲವಾದ ಪ್ಲಾಸ್ಟಿಕ್ ಕ್ಲೀಟ್‌ಗಳು. ಲುಕ್ ಕಿಯೋ, ಶಿಮಾನೊ ಎಸ್‌ಪಿಡಿ-ಎಸ್‌ಎಲ್ ಈ ಜಾತಿ. ಅಟ್ಟೆಯ ಕೆಳಗೆ ಹೊರಗೇ ಉಬ್ಬಿಕೊಂಡಿರುತ್ತವೆ. ನಾಲ್ಕು ಬೋಲ್ಟಿನ ಸ್ಪೀಡ್‌ಪ್ಲೇ ಅಂತಲೂ ಇದೆ. ನಮ್ಮ ಕೆಸರಿಗೆ ಅದನ್ನು ನಾನು ಯಾರಿಗೂ ಹೇಳುವುದಿಲ್ಲ.

ಅಂಗಡಿಯವರು ಸಾಮಾನ್ಯವಾಗಿ "ರೋಡ್ ಬೈಕಾ? ಹಾಗಾದ್ರೆ ಮೂರು ಬೋಲ್ಟ್" ಅಂದುಬಿಡುತ್ತಾರೆ. ಮೈಸೂರಿನ ಹೊರವರ್ತುಲ ರಸ್ತೆಗೆ ಆ ಮಾತು ಸರಿ. ಅಲ್ಲಿ ಹತ್ತಿ ಕೂತರೆ ಎರಡು ಗಂಟೆ ಕಾಲು ನೆಲಕ್ಕೆ ತಾಗುವುದಿಲ್ಲ. ನಮ್ಮಲ್ಲಿ ಹಾಗಾ? ನಾನು ಯಾರಿಗಾದರೂ ಕ್ಲೀಟ್ ಆರಿಸಿ ಕೊಡುವಾಗ ಅವರು ಹೇಗೆ ತುಳಿಯುತ್ತಾರೆ ಅಂತ ಕೇಳುವುದೇ ಕಡಿಮೆ. ಕಾಲು ಎಲ್ಲಿ ಇಡುತ್ತಾರೆ ಅಂತ ಕೇಳುತ್ತೇನೆ. ಕಾಫಿ ತೋಟದ ಗೇಟು ತೆಗೆಯಲು ಇಳಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಅಂಚಿಗೆಲ್ಲ ಪಾಚಿ. ರಸ್ತೆಗೆ ಮರ ಬಿದ್ದಿದ್ದರೆ ಸೈಕಲ್ ಹೆಗಲಿಗೆ ಹಾಕಿ ದಾಟಬೇಕು. ಸಿದ್ದಾಪುರ, ಮಾಲ್ದಾರೆ ಕಡೆ ತೋಟದಿಂದ ಆನೆ ರಸ್ತೆಗೆ ಬಂದರೆ ನಿಲ್ಲಬೇಕು, ತಿರುಗಬೇಕು, ಕೆಲವು ಸಲ ಸೈಕಲ್ ಬಿಟ್ಟು ಓಡಲೂಬೇಕು. ಭಾಗಮಂಡಲದಲ್ಲಿ ಸಂಗಮದ ಹತ್ತಿರ ಒದ್ದೆ ಕಲ್ಲಿನ ಮೆಟ್ಟಿಲು. ಅಲ್ಲಿ ಮೂರು ಬೋಲ್ಟಿನ ಪ್ಲಾಸ್ಟಿಕ್ ಕ್ಲೀಟಿನಲ್ಲಿ ನಡೆಯುವವರನ್ನು ನೋಡಿದರೆ ಎಣ್ಣೆ ಚೆಲ್ಲಿದ ನೆಲದ ಮೇಲೆ ಬಾತುಕೋಳಿ ನಡೆದ ಹಾಗಿರುತ್ತದೆ.

ಹಾಗಾಗಿ ರೋಡ್ ಬೈಕ್ ಇದ್ದರೂ ಕೊಡಗಿನವರಿಗೆ ಮೊದಲ ಕ್ಲೀಟ್ ಎರಡು ಬೋಲ್ಟಿನದೇ ಆಗಲಿ. ಪೆಡಲ್‌ಗೆ ಇದು ರೋಡ್ ಬೈಕು, ಅದು ಮೌಂಟನ್ ಬೈಕು ಅಂತ ಗೊತ್ತಾಗುವುದಿಲ್ಲ. ಮೂರು ಬೋಲ್ಟಿನದರ ಸುಖವೂ ನಿಜವೇ. ಪಾದಕ್ಕೆ ಅಗಲವಾದ ಆಸರೆ ಸಿಗುತ್ತದೆ, ನೂರು ಕಿಲೋಮೀಟರ್ ದಾಟಿದ ಮೇಲೆ ಅಂಗಾಲು ಉರಿಯುವುದು ಕಡಿಮೆ. ಬೇಸಿಗೆಯಲ್ಲಿ ಕುಶಾಲನಗರದಿಂದ ಮೈಸೂರಿಗೆ ಹೋಗಿ ಬರುವವರು ನೀವಾದರೆ ತಗೊಳ್ಳಿ. ಜೇಬಲ್ಲಿ ಕ್ಲೀಟಿನ ರಬ್ಬರ್ ಕವರ್ ಇರಲಿ.

ಎಸ್‌ಎಚ್ 51, ಎಸ್‌ಎಚ್ 56 ಎರಡೂ ಒಂದೇ ಥರ ಕಾಣ್ತಾವೆ. ಏನು ವ್ಯತ್ಯಾಸ?

ಎರಡೂ ಶಿಮಾನೊದ ಎಸ್‌ಪಿಡಿ ಕ್ಲೀಟ್‌ಗಳು. ಎಸ್‌ಪಿಡಿಯಲ್ಲಿ ನೀವು ಮಾಡುವ ನಿಜವಾದ ಆಯ್ಕೆ ಇದು. 51 ಕಪ್ಪು, 56 ಬೆಳ್ಳಿ ಬಣ್ಣ. ಎರಡಕ್ಕೂ 4 ಡಿಗ್ರಿ ಫ್ಲೋಟ್. ಅಂದರೆ ಕಚ್ಚಿಕೊಂಡ ಮೇಲೂ ಹಿಮ್ಮಡಿ ಅಷ್ಟು ಆಚೀಚೆ ಆಡಬಹುದು. ವ್ಯತ್ಯಾಸ ಇರುವುದು ಬಿಡುವುದರಲ್ಲಿ. 51 ಬಿಡಬೇಕಾದರೆ ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಲೇಬೇಕು. 56 ಪಕ್ಕಕ್ಕೆ ತಿರುಗಿಸಿದರೂ ಬಿಡುತ್ತದೆ, ಗಾಬರಿಯಲ್ಲಿ ಕಾಲನ್ನು ಓರೆಯಾಗಿ ಮೇಲಕ್ಕೆ ಕಿತ್ತರೂ ಬಿಡುತ್ತದೆ.

ಹೊಸಬರಿಗೆ 56 ಅನ್ನುವುದು ನನ್ನ ಮಾತು. ಗಾಬರಿ ಆದಾಗ ಮನುಷ್ಯ ಹಿಮ್ಮಡಿ ತಿರುಗಿಸುವುದಿಲ್ಲ, ಕಾಲನ್ನು ಮೇಲಕ್ಕೇ ಎಳೆಯುತ್ತಾನೆ. ನಾಯಿ ಅಡ್ಡ ಬಂದರೂ ಅಷ್ಟೇ, ಆನೆ ಅಡ್ಡ ಬಂದರೂ ಅಷ್ಟೇ. ಆದರೆ ಇದರಲ್ಲೂ ಒಂದು ತೊಂದರೆ ಇದೆ. ಸೀಟಿನಿಂದ ಎದ್ದು ನಿಂತು ಜೋರಾಗಿ ತುಳಿಯುವಾಗ ಕಾಲನ್ನು ಮೇಲಕ್ಕೆ ಜಗ್ಗಿದರೆ 56 ಬೇಡದಾಗಲೂ ಬಿಡಬಹುದು. ಭಾಗಮಂಡಲದಿಂದ ತಲಕಾವೇರಿಗೆ ಹೋಗುವ 8 ಕಿಲೋಮೀಟರ್ ಏರಲ್ಲಿ ಹಾಗೆ ಕಾಲು ಕಿತ್ತು ಬಂದು ನನ್ನ ಎದೆ ಹ್ಯಾಂಡಲ್ ಬಾರ್‌ಗೆ ಬಡಿದಿತ್ತು. ಅದಾದ ಮೇಲೆ ನಾನು 51ಕ್ಕೆ ಹೋದೆ. ನೀವೂ ಒಂದು ಮಳೆಗಾಲ 56ರಲ್ಲಿ ಕಳೆಯಿರಿ, ಆಮೇಲೆ ಯೋಚಿಸಿ. ನಮ್ಮ ಗುಂಪಿನ ಹಿರಿಯರೊಬ್ಬರು ವರ್ಷಗಳಿಂದ 56ರಲ್ಲೇ ಇದ್ದಾರೆ, ಬದಲಾಯಿಸುವ ಯೋಚನೆಯೇ ಇಲ್ಲ.

ಕೊಳ್ಳುವಾಗ ಡಬ್ಬಿ ತೆರೆದು ನೋಡಿ. ಶಿಮಾನೊ ಪೆಡಲ್ ಜೊತೆಗೆ ಕ್ಲೀಟ್ ಬರುತ್ತದೆ. ಆದರೆ ಎರಡೂ ಮುಖ ಎಸ್‌ಪಿಡಿ ಇರುವ ಎಂ520 ಥರದ ಪೆಡಲ್ ಜೊತೆ ಬರುವುದು 51. ಒಂದು ಮುಖ ಚಪ್ಪಟೆ, ಇನ್ನೊಂದು ಮುಖ ಎಸ್‌ಪಿಡಿ ಇರುವ ಇಎಚ್500 ಜೊತೆ 56 ಬರುತ್ತದೆ. ಈ ಎರಡು ಮುಖದ ಪೆಡಲ್ ತೋಟದಲ್ಲಿ ಓಡಾಡುವವರಿಗೆ ಬಹಳ ಒಳ್ಳೆಯದು. ಹಾಲು ತರಲು ಚಪ್ಪಲಿಯಲ್ಲೇ ಹೋಗಬಹುದು, ಅಲ್ವಾ?

ಹಳದಿ, ನೀಲಿ, ಕೆಂಪು, ಬೂದು. ಈ ಬಣ್ಣಗಳೆಲ್ಲ ಏನು?

ಮೂರು ಬೋಲ್ಟಿನ ಕ್ಲೀಟ್‌ಗಳಲ್ಲಿ ಬಣ್ಣ ನೋಡಿಯೇ ಫ್ಲೋಟ್ ಎಷ್ಟು ಅಂತ ಹೇಳಬಹುದು. ಶಿಮಾನೊದಲ್ಲಿ ಹಳದಿ 6 ಡಿಗ್ರಿ, ನೀಲಿ 2, ಕೆಂಪು 0. ಲುಕ್ ಕಿಯೋದಲ್ಲಿ ಕೆಂಪು 9 ಡಿಗ್ರಿ, ಬೂದು 4.5, ಕಪ್ಪು 0. ಕೆಂಪು ಎರಡು ಕಡೆಯೂ ಇದೆ, ನೋಡಿ. ಒಂದರಲ್ಲಿ ಕೆಂಪು ಅಂದರೆ ಅಲುಗಾಡಲ್ಲ, ಇನ್ನೊಂದರಲ್ಲಿ ಕೆಂಪು ಅಂದರೆ ಅತಿ ಜಾಸ್ತಿ ಅಲುಗಾಟ. "ಕೆಂಪು ಕ್ಲೀಟ್ ಚೆನ್ನಾಗಿದೆ" ಅಂತ ಯಾರಾದರೂ ಅಂದರೆ ಯಾವ ಕಂಪನಿಯದು ಅಂತ ಮೊದಲು ಕೇಳಿ.

ಎಷ್ಟು ಬೇಕು? ನೀವು ಇದನ್ನು ಕೇಳುತ್ತಿದ್ದೀರಿ ಅಂದರೆ ಹಳದಿ ಅಥವಾ ಬೂದು. ಸೊನ್ನೆ ಡಿಗ್ರಿ ಬೇಕಾದವರು ಕೇಳಲು ಬರುವುದಿಲ್ಲ.

ಒಂದು ಕಂಪನಿಯ ಕ್ಲೀಟ್ ಇನ್ನೊಂದರ ಪೆಡಲ್‌ಗೆ ಆಗುತ್ತಾ?

ಬೂಟಿನ ತೂತು ಎಲ್ಲರಿಗೂ ಹೊಂದುತ್ತದೆ, ಪೆಡಲ್ ಹೊಂದುವುದಿಲ್ಲ. ಎರಡು ಬೋಲ್ಟಿನ ಬೂಟಿಗೆ ಎಸ್‌ಪಿಡಿಯನ್ನೂ ಹಾಕಬಹುದು, ಕ್ರ್ಯಾಂಕ್ ಬ್ರದರ್ಸ್ ಕ್ಲೀಟನ್ನೂ ಹಾಕಬಹುದು. ಆದರೆ ಎಸ್‌ಪಿಡಿ ಕ್ಲೀಟ್ ಎಸ್‌ಪಿಡಿ ಪೆಡಲ್‌ಗೇ, ಕಿಯೋ ಕ್ಲೀಟ್ ಕಿಯೋ ಪೆಡಲ್‌ಗೇ. ಎಸ್‌ಪಿಡಿ, ಎಸ್‌ಪಿಡಿ-ಎಸ್‌ಎಲ್ ಎರಡೂ ಶಿಮಾನೊದ್ದೇ ಆದರೂ ಒಂದಕ್ಕೊಂದು ಸಂಬಂಧವಿಲ್ಲ. ಆನ್‌ಲೈನ್ ಕೊಳ್ಳುವವರು ಎಡವುವುದು ಇಲ್ಲೇ.

ಬೂಟು ಯಾವುದು ತಗೊಳ್ಳಲಿ?

ಕ್ಲೀಟ್ ಒಳಗೆ ಹುದುಗಿ ಕೂರುವಂಥದ್ದು, ಸುತ್ತ ರಬ್ಬರ್ ಹಲ್ಲು ಇರುವಂಥದ್ದು. ಅಟ್ಟೆ ತೀರಾ ಮೆತ್ತಗಿರಬಾರದು, ಮೆತ್ತಗಿದ್ದರೆ ಕ್ಲೀಟ್ ಇರುವ ಜಾಗ ಕಾಲಿಗೆ ಒತ್ತುತ್ತದೆ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ ಹಾಕಿ ನೋಡಿ. ಲೇಸ್ ಬದಲು ವೆಲ್ಕ್ರೋ ಪಟ್ಟಿ ಇರಲಿ. ನಮ್ಮ ದಾರಿಗಳೆಲ್ಲ ಮುಗಿಯುವುದು ದೇವಸ್ಥಾನದಲ್ಲೋ, ನೆಂಟರ ಮನೆಯಲ್ಲೋ. ಎರಡೂ ಕಡೆ ಬೂಟು ಬಾಗಿಲ ಹೊರಗೇ.

ಕೆಲವು ಬೂಟಿನಲ್ಲಿ ಕ್ಲೀಟ್ ಕೂರುವ ಜಾಗವನ್ನು ರಬ್ಬರ್ ಮುಚ್ಚಿರುತ್ತದೆ. ಅದನ್ನು ಚಾಕುವಿನಿಂದ ಕೊಯ್ದು ತೆಗೆಯಬೇಕು. "ಈ ಬೂಟಿಗೆ ತೂತೇ ಇಲ್ಲ" ಅಂತ ವಾಪಸ್ ಕಳಿಸಲು ಹೊರಟವರನ್ನು ನಾನೇ ತಡೆದಿದ್ದೇನೆ.

ಕ್ಲೀಟ್ ಎಲ್ಲಿ ಕೂರಿಸಬೇಕು?

ಬೂಟು ಹಾಕಿಕೊಂಡು ಬೆರಳಿನಿಂದ ಒತ್ತಿ ನೋಡಿ. ಹೆಬ್ಬೆರಳಿನ ಬುಡದಲ್ಲಿ ಒಂದು ಗಂಟು, ಕಿರುಬೆರಳಿನ ಬುಡದಲ್ಲಿ ಇನ್ನೊಂದು ಗಂಟು ಸಿಗುತ್ತದೆ. ಎರಡು ಕಡೆಯೂ ಬೂಟಿನ ಮೇಲೆ ಟೇಪ್ ಅಂಟಿಸಿ ಪೆನ್ನಿನಲ್ಲಿ ಗುರುತು ಹಾಕಿ. ಕಿರುಬೆರಳಿನದು ಸ್ವಲ್ಪ ಹಿಂದೆ ಇರುತ್ತದೆ. ಬೂಟು ಬಿಚ್ಚಿ ಅಟ್ಟೆಯ ಮೇಲೆ ಎರಡು ಗೆರೆ ಎಳೆಯಿರಿ. ಕ್ಲೀಟಿನ ನಡು ಆ ಎರಡು ಗೆರೆಗಳ ಮಧ್ಯೆ ಬರಲಿ. ಚೂಪು ತುದಿ ಬೆರಳಿನ ಕಡೆಗೆ.

ಸಂಶಯ ಬಂದರೆ ಹಿಂದಕ್ಕೇ ಸರಿಸಿ, ಮುಂದಕ್ಕೆ ಬೇಡ. ಕ್ಲೀಟ್ ಮುಂದಕ್ಕೆ ಇದ್ದರೆ ಇಡೀ ಏರನ್ನು ಮೀನಖಂಡವೇ ಹೊರಬೇಕಾಗುತ್ತದೆ. ಸುಂಟಿಕೊಪ್ಪದಿಂದ ಮಡಿಕೇರಿಗೆ ಹತ್ತುವಷ್ಟರಲ್ಲಿ ಅದು ಕಲ್ಲಾಗಿರುತ್ತದೆ. ಬೂಟಿನೊಳಗಿನ ಲೋಹದ ಪಟ್ಟಿಯಲ್ಲಿ ಮುಂದೊಂದು, ಹಿಂದೊಂದು ಎರಡು ಜೊತೆ ತೂತು ಇರುತ್ತವೆ. ಮೊದಲು ಹಿಂದಿನ ಜೊತೆಯಲ್ಲೇ ಹಾಕಿ ನೋಡಿ.

ಇನ್ನು ಕೋನ. ಎತ್ತರದ ಕಟ್ಟೆ ಮೇಲೆ ಕೂತು ಕಾಲು ಇಳಿಬಿಡಿ, ಸುಮ್ನೆ. ಪಾದ ಎತ್ತ ತಿರುಗಿ ನಿಲ್ಲುತ್ತದೋ ಅದು ನಿಮ್ಮ ಕೋನ. ಹೆಚ್ಚಿನವರದು ಸ್ವಲ್ಪ ಹೊರಕ್ಕೆ. ಎಡದ್ದು, ಬಲದ್ದು ಒಂದೇ ಇರಬೇಕಂತಿಲ್ಲ, ನನ್ನದಂತೂ ಇಲ್ಲ. ಫೋಟೋದಲ್ಲಿ ನೇರ ಕಾಣಲಿ ಅಂತ ಬಲವಂತವಾಗಿ ನೇರ ಮಾಡಬೇಡಿ. ಹಿಮ್ಮಡಿ ಕ್ರ್ಯಾಂಕಿಗೆ, ಅಂದರೆ ಪೆಡಲ್ ಕೂರುವ ತೋಳಿಗೆ, ಉಜ್ಜುತ್ತಿದ್ದರೆ ಕ್ಲೀಟನ್ನು ಬೂಟಿನ ಒಳಬದಿಗೆ ಸರಿಸಿ, ಪಾದ ಹೊರಕ್ಕೆ ಹೋಗುತ್ತದೆ. ಇದು ಮೊದಲ ಸಲ ಉಲ್ಟಾ ಅನ್ನಿಸುತ್ತದೆ, ಮಾಡಿ ನೋಡಿದರೆ ಗೊತ್ತಾಗುತ್ತದೆ.

ಬೋಲ್ಟಿನ ಮರೆಗೆ (ತಿರುಪಿನ ಗೆರೆಗೆ) ಗ್ರೀಸ್ ಹಚ್ಚಿ 4 ಎಂಎಂ ಅಲೆನ್ ಕೀಯಲ್ಲಿ ಬಿಗಿ ಮಾಡಿ. ಟಾರ್ಕ್ ರೆಂಚ್ ಇದ್ದವರಿಗೆ 5ರಿಂದ 6 ನ್ಯೂಟನ್ ಮೀಟರ್. ಮೊದಲ ಸವಾರಿ ಮುಗಿದ ಮೇಲೆ ಮತ್ತೆ ಬಿಗಿ ಮಾಡಿ. ಇದನ್ನು ಮರೆತವರ ಕಥೆ ಕೆಳಗಿದೆ.

ಮಂಡಿ ನೋವು ಬರುತ್ತೆ ಅಂತಾರಲ್ಲ?

ತಪ್ಪು ಕೋನದಲ್ಲಿ ಕೂರಿಸಿದರೆ ಬರುತ್ತದೆ. ಪಾದ ಕಟ್ಟಿಹಾಕಿದ ಹಾಗಿರುತ್ತದೆ, ತಿರುಚುವುದೆಲ್ಲ ಮಂಡಿಗೆ ಬೀಳುತ್ತದೆ. ಫ್ಲೋಟ್ ಇರುವುದು ಇದಕ್ಕೇ. ಆದರೆ ಮಂಡಿಯ ಮುಂಭಾಗ ನೋವಾದರೆ ಕ್ಲೀಟಿಗೆ ಬಯ್ಯುವ ಮೊದಲು ಸೀಟು ತೀರಾ ಕೆಳಗಿದೆಯಾ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಒಂದೆರಡು ಮಿಲಿಮೀಟರ್. ಹಳೆಯ ಜಾಗಕ್ಕೆ ಪೆನ್ನಿನಲ್ಲಿ ಗುರುತು ಇರಲಿ. ಆದರೂ ನೋವು ಹೋಗದಿದ್ದರೆ ಫಿಸಿಯೋಥೆರಪಿಯವರಿಗೆ ತೋರಿಸಿ, ನಮ್ಮ ಗುಂಪಿಗಲ್ಲ.

ಬೀಳ್ತೀನಾ?

ಬೀಳುತ್ತೀರಿ. ಓಡುವಾಗ ಅಲ್ಲ, ನಿಂತಾಗ. ನಾನು ಬಿದ್ದಿದ್ದು ಬಸ್ ಸ್ಟ್ಯಾಂಡ್ ಎದುರು, ಕಾಲೇಜು ಮಕ್ಕಳೆಲ್ಲ ನಿಂತಿದ್ದಾಗ. ಮರ ಕಡಿದಾಗ ನಿಧಾನಕ್ಕೆ ವಾಲುತ್ತದಲ್ಲ, ಹಾಗೆ. ಒಬ್ಬ ಅಜ್ಜ ಬಂದು ಎಬ್ಬಿಸಿದರು. ಬೂಟಿನ ಅಡಿ ನೋಡಿ, "ಏನು ಮಗಾ, ಕಾಲಿಗೆ ಲಾಳ ಹೊಡೆಸಿದ್ದೀಯಾ?" ಅಂದರು. ಈಗಲೂ ಮನೆಯಲ್ಲಿ ನನ್ನ ಬೂಟಿಗೆ ಲಾಳದ ಬೂಟು ಅಂತಲೇ ಹೆಸರು.

ಕಡಿಮೆ ಬೀಳಬೇಕಾದರೆ ಹೀಗೆ ಮಾಡಿ. ಪೆಡಲ್‌ನ ಹಿಡಿತದ ಸ್ಕ್ರೂ ಪೂರ್ತಿ ಸಡಿಲ ಮಾಡಿ. ಎಂ520ರಲ್ಲಿ ಅದಕ್ಕೆ 3 ಎಂಎಂ ಅಲೆನ್ ಕೀ ಸಾಕು. ಎರಡು ಪೆಡಲ್, ಎರಡೆರಡು ಮುಖ, ಒಟ್ಟು ನಾಲ್ಕು ಸ್ಕ್ರೂ. ಎರಡನ್ನು ಮಾತ್ರ ಸಡಿಲಿಸಿ ಎರಡು ಮರೆತವರೇ ಜಾಸ್ತಿ. ಆಮೇಲೆ ಗೋಡೆ ಹಿಡಿದು ನಿಂತು ಕಚ್ಚಿಸಿ, ಬಿಡಿಸಿ, ಒಂದೊಂದು ಕಾಲಿಗೂ ಐವತ್ತು ಸಲ. ನಂತರ ಹುಲ್ಲಿನ ಮೈದಾನಕ್ಕೆ ಹೋಗಿ. ಕೊಡಗಲ್ಲಿ ಹಾಕಿ ಮೈದಾನಕ್ಕೆ ಬರವಿಲ್ಲ. ಆಟ ಇಲ್ಲದ ಹೊತ್ತು ನೋಡಿಕೊಳ್ಳಿ ಅಷ್ಟೇ. ಯಾವಾಗಲೂ ಒಂದೇ ಕಾಲು ಮೊದಲು ಬಿಡಿಸುವ ಅಭ್ಯಾಸ ಮಾಡಿ. ನಿಲ್ಲುವ ಜಾಗಕ್ಕೆ ಹತ್ತು ಮೀಟರ್ ಮೊದಲೇ ಬಿಡಿಸಿ. ಏರಲ್ಲಿ ಇನ್ನೂ ಮೊದಲೇ, ಯಾಕೆಂದರೆ ಅಲ್ಲಿ ಸೈಕಲ್ ಹೇಳದೇ ಕೇಳದೇ ನಿಲ್ಲುತ್ತದೆ. ಕಾಫಿ ಹೂ ಬಿಡುವ ಮಾರ್ಚ್, ಏಪ್ರಿಲ್ ಕಲಿಯಲು ಒಳ್ಳೆ ಕಾಲ. ರಸ್ತೆ ಒಣಗಿರುತ್ತದೆ, ಬಿದ್ದರೂ ಘಮ ಇರುತ್ತದೆ.

ಮಳೆಗಾಲದಲ್ಲಿ ಏನು ಮಾಡ್ತೀರಿ?

ತೋಟದ ಕೆಂಪು ಮಣ್ಣು ನೆನೆದರೆ ಹಿಟ್ಟಿನ ಹಾಗೆ ಕ್ಲೀಟಿಗೆ ಮೆತ್ತಿಕೊಳ್ಳುತ್ತದೆ. ಎಸ್‌ಪಿಡಿ ಆಗ ಕಚ್ಚುವುದಿಲ್ಲ. ಪೆಡಲ್ ಅಂಚಿಗೆ ಬೂಟು ಎರಡು ಸಲ ಕುಟ್ಟಿ, ಆಗದಿದ್ದರೆ ಕಡ್ಡಿಯಿಂದ ಕೆರೆಯಿರಿ. ವರ್ಷವಿಡೀ ಕೆಸರಲ್ಲೇ ಓಡಿಸುವವರಿಗೆ ಕ್ರ್ಯಾಂಕ್ ಬ್ರದರ್ಸ್‌ನ ಎಗ್‌ಬೀಟರ್ ಒಳ್ಳೆಯದು. ಮೊಟ್ಟೆ ಕಡೆಯುವ ಕಡಗೋಲಿನ ಹಾಗಿದೆ, ಮಣ್ಣು ನಿಲ್ಲಲು ಜಾಗವೇ ಇಲ್ಲ, ನಾಲ್ಕೂ ಮುಖದಲ್ಲಿ ಕಚ್ಚುತ್ತದೆ. ಅದರ ಸಾಮಾನ್ಯ ಕ್ಲೀಟನ್ನು ಎಡ ಬಲ ಅದಲು ಬದಲು ಮಾಡಿ ಹಾಕಿದರೆ ಬಿಡುವ ಕೋನವೂ 15ರಿಂದ 20 ಡಿಗ್ರಿಗೆ ಬದಲಾಗುತ್ತದೆ. ಆದರೆ ಕ್ಲೀಟ್ ಹಿತ್ತಾಳೆಯದು, ಬೇಗ ಸವೆಯುತ್ತದೆ. ಹಿಡಿತ ಬಿಗಿ ಸಡಿಲ ಮಾಡುವ ಸ್ಕ್ರೂ ಕೂಡ ಇಲ್ಲ.

ಬೋಲ್ಟಿನ ತಲೆಯ ಗುಂಡಿಗೆ ಮಣ್ಣು, ಸಣ್ಣ ಕಲ್ಲು ಕೂತು ತುಕ್ಕು ಹಿಡಿದರೆ ಅಲೆನ್ ಕೀ ಒಳಗೇ ಹೋಗುವುದಿಲ್ಲ. ಜೂನ್‌ಗೆ ಮೊದಲು ಆ ಗುಂಡಿಗೆ ಮೇಣ ತುಂಬಿಬಿಡಿ. ಮೇಣದ ಬತ್ತಿ ಆದೀತು, ನಮ್ಮಲ್ಲಿ ಜೇನುಮೇಣಕ್ಕೇನು ಕಡಿಮೆ? ಬಿಚ್ಚುವಾಗ ಸೂಜಿಯಿಂದ ಕೆದಕಿದರೆ ಬರುತ್ತದೆ. ಆಗಲೇ ತುಕ್ಕು ಹಿಡಿದಿದ್ದರೆ ಗುಂಡಿ ಪೂರ್ತಿ ಕೆದಕಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿ ಹಾಗೇ ಇಡಿ. ಬೆಳಗ್ಗೆ ಕೀಯನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿ ತಿರುಗಿಸಿ.

ಒದ್ದೆ ಬೂಟಿಗೆ ನ್ಯೂಸ್‌ಪೇಪರ್ ತುರುಕಿ, ಗಂಟೆಗೊಮ್ಮೆ ಬದಲಾಯಿಸಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬಟ್ಟೆ ಎಲ್ಲ ಒಲೆ ಮೇಲೆ ಒಣಗಿಸುತ್ತೇವಲ್ಲ, ಬೂಟನ್ನು ಮಾತ್ರ ಬಚ್ಚಲ ಒಲೆ ಹತ್ತಿರ ಇಡಬೇಡಿ. ಅಂಟು ಬಿಟ್ಟು ಅಟ್ಟೆ ಬಾಯಿ ತೆರೆಯುತ್ತದೆ.

ಹಿಮ್ಮಡಿ ತಿರುಗಿಸಿದರೂ ಕ್ಲೀಟ್ ಬಿಡ್ತಾನೇ ಇಲ್ಲ. ಏನಾಗಿದೆ?

ಹೆಚ್ಚಾಗಿ ಒಂದು ಬೋಲ್ಟ್ ಬಿದ್ದುಹೋಗಿರುತ್ತದೆ. ಉಳಿದ ಒಂದೇ ಬೋಲ್ಟಿನ ಮೇಲೆ ಬೂಟು ತಿರುಗುತ್ತದೆ, ಕ್ಲೀಟ್ ತಿರುಗುವುದಿಲ್ಲ. ಎಷ್ಟು ತಿರುಚಿದರೂ ಬರುವುದಿಲ್ಲ.

ನನಗೆ ಇದು ಭಾಗಮಂಡಲದ ದಾರಿಯಲ್ಲಿ ಆಯಿತು. ಹಿಂದಿನ ದಿನ ಹೊಸ ಕ್ಲೀಟ್ ನಾನೇ ಹಾಕಿದ್ದೆ, ಗ್ರೀಸ್ ಹಚ್ಚಿದ್ದೆ, ಮತ್ತೆ ಬಿಗಿ ಮಾಡಿರಲಿಲ್ಲ. ನಿಲ್ಲಿಸಲು ಹೋದರೆ ಬಲಗಾಲು ಬರಲೊಲ್ಲದು. ಎಡಗಾಲು ಊರಿ ನಿಂತೆ. ಉಪಾಯ ಒಂದೇ. ವೆಲ್ಕ್ರೋ ಬಿಚ್ಚಿ ಕಾಲನ್ನು ಬೂಟಿನಿಂದ ಹೊರಗೆ ತೆಗೆಯುವುದು, ಬೂಟನ್ನು ಪೆಡಲಿನಲ್ಲೇ ಬಿಡುವುದು. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರೀ ಸಾಕ್ಸು, ಜುಲೈ ಮಳೆ. ಹತ್ತಿರದ ಅಂಗಡಿ ಮುಟ್ಟುವಷ್ಟರಲ್ಲಿ ಸಾಕ್ಸಿನೊಳಗೆ ಮೂರು ಜಿಗಣೆ. ಕೂತು ಪೆಡಲ್‌ನ ಸ್ಕ್ರೂ ಪೂರ್ತಿ ಸಡಿಲಿಸಿ, ಸ್ಕ್ರೂಡ್ರೈವರ್‌ನಿಂದ ಕ್ಲೀಟಿನ ಹಿಂಭಾಗ ಮೀಟಿದಾಗ ಬಂತು. ಅಂದಿನಿಂದ ಸೀಟಿನ ಚೀಲದಲ್ಲಿ ಎರಡು ಬೋಲ್ಟ್, 3 ಮತ್ತು 4 ಎಂಎಂ ಕೀ ಸದಾ ಇರುತ್ತವೆ.

ಯಾವಾಗ ಬದಲಾಯಿಸಬೇಕು?

ಕಿಲೋಮೀಟರ್ ಲೆಕ್ಕ ಬೇಡ, ನಡೆದಷ್ಟೂ ಸವೆಯುತ್ತದೆ. ತನ್ನಷ್ಟಕ್ಕೆ ಬಿಡತೊಡಗಿದರೆ, ಕಚ್ಚಿದ ಮೇಲೂ ಗಡಗಡ ಆಡಿದರೆ, ಮೂರು ಬೋಲ್ಟಿನದರಲ್ಲಿ ನೆಲಕ್ಕೆ ತಾಗುವ ಬಣ್ಣದ ತುಂಡು ಮಾಯವಾದರೆ ಬದಲಾಯಿಸಿ. ಮೊದಲು ಊರುವ ಕಾಲಿನದು ಬೇಗ ಹೋಗುತ್ತದೆ. ಆದರೂ ಜೊತೆಯಾಗಿಯೇ ಹಾಕಿ. ಹಳೆಯದರ ಸುತ್ತ ಗೆರೆ ಎಳೆದು ಬಿಚ್ಚಿದರೆ ಹೊಸದು ಅದೇ ಜಾಗದಲ್ಲಿ ಕೂರುತ್ತದೆ.

ಯಾವ ಸೈಕಲ್‌ಗಾದರೂ ಈ ಪೆಡಲ್ ಹಾಕಬಹುದಾ? ಊರಿನ ಅಂಗಡಿಯಲ್ಲೇ ಹಾಕಿಸಬಹುದಾ?

ಈಗಿನ ಗೇರ್ ಸೈಕಲ್‌ಗಳ ಕ್ರ್ಯಾಂಕಿನ ಮರೆ ಸಾಮಾನ್ಯವಾಗಿ 9/16 ಇಂಚು, ಅದಕ್ಕೆ ಆಗುತ್ತದೆ. ಕೆಲವು ಮಕ್ಕಳ ಸೈಕಲ್‌ಗಳಲ್ಲಿ ಅರ್ಧ ಇಂಚು ಇರುತ್ತದೆ, ಅದಕ್ಕೆ ಆಗುವುದಿಲ್ಲ. ಹಾಕುವುದು ಪಂಕ್ಚರ್ ಅಂಗಡಿಯಲ್ಲೂ ಆಗುತ್ತದೆ. ಎಂ520ಕ್ಕೆ 15 ಎಂಎಂ ಸ್ಪ್ಯಾನರ್ ಬೇಕು. ಎಡ ಪೆಡಲ್‌ನ ಮರೆ ಉಲ್ಟಾ, ಬಿಚ್ಚುವಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಬೇಕು. ಗೊತ್ತಿಲ್ಲದೆ ಕಾಲಿಟ್ಟು ಒದ್ದು ಕ್ರ್ಯಾಂಕಿನ ಮರೆಯನ್ನೇ ಕಿತ್ತುಹಾಕಿದವರಿದ್ದಾರೆ, ಪಕ್ಕದಲ್ಲಿ ನಿಂತು ಒಂದು ಮಾತು ಹೇಳಿ. ಕ್ಲೀಟ್ ಮಾತ್ರ ಮಡಿಕೇರಿಯಲ್ಲಿ ಹುಡುಕುತ್ತಾ ಕೂರುವುದಕ್ಕಿಂತ ಮೈಸೂರಿಗೆ ಹೋಗುವವರ ಕೈಲಿ ತರಿಸಿ, ಅಥವಾ ಆನ್‌ಲೈನ್ ಆರ್ಡರ್ ಮಾಡಿ. 56 ಬೇಕಾದರೆ ಬೆಳ್ಳಿ ಬಣ್ಣದ್ದು ಅಂತ ಎರಡು ಸಲ ಹೇಳಿ, ಇಲ್ಲದಿದ್ದರೆ ಕಪ್ಪು ಬರುತ್ತದೆ.